ಹಿಂಜೇಬಿನ ಪಾಕೀಟು

ಸರ್ಕಾರಿ ನೌಕರನ ಘನತೆ ಅವನ ಹಿಂಜೇಬಿನಲ್ಲಿರಬೇಕು ಎಂದು ನಾನು 1978ರಲ್ಲಿ ತೀರ್ಮಾನಿಸಿದೆ! ಬಸವಕಲ್ಯಾಣದ ನಮ್ಮ ಕಚೇರಿಯಲ್ಲಿ ಉಳಿದ ಗುಮಾಸ್ತರ ಪಾಕೀಟುಗಳು ಹಪ್ಪಳದಂತಿದ್ದರೆ ನನ್ನದು ಇಟ್ಟಿಗೆಯಂತಿತ್ತು. ಅದರ ಮೇಲೆ ದಿನಕ್ಕೆ ಎಂಟು ತಾಸು ಕೂತು ಫೈಲು ನೋಡುತ್ತಿದ್ದೆ. ದೇಹದ ಒಂದು ಪಕ್ಕ ಮೇಲೆ, ಇನ್ನೊಂದು ಕೆಳಗೆ. ನೋಡಿದವರಿಗೆ ಕುರ್ಚಿಯಲ್ಲಿ ತಕ್ಕಡಿ ಕೂತಂತೆ ಕಾಣುತ್ತಿದ್ದಿರಬೇಕು.

"ಅದನ್ನ ತೆಗದಿಟ್ಟು ಕೂಡ್ರಿ," ಎಂದಳು ಹೆಂಡತಿ ಶೇವಂತಾಬಾಯಿ.

"ಇದು ಗಂಡಸಿನ ಗತ್ತು! ನಿನಗ ಹ್ಯಾಂಗ ತಿಳೀಬೇಕು?" ಎಂದೆ.

ಆರು ತಿಂಗಳಲ್ಲಿ ಗತ್ತು ಕಾಲಿಗಿಳಿಯಿತು. ಸೊಂಟದಿಂದ ಹಿಮ್ಮಡಿಯವರೆಗೆ ಯಾರೋ ಕರೆಂಟಿನ ತಂತಿ ಎಳೆದು, ಮನಸ್ಸಿಗೆ ಬಂದಾಗ ಸ್ವಿಚ್ಚು ಹಾಕುತ್ತಿದ್ದಂತೆ! ಸೀನಿದರೆ ನೋವು, ನಕ್ಕರೆ ನೋವು. ಸಾಹೇಬರ ಜೋಕಿಗೂ ನಗಲಾಗದೆ ಬಡ್ತಿಯೇ ಕೈತಪ್ಪುವ ಭಯ ಹುಟ್ಟಿತು. ತಪ್ಪೆಲ್ಲ ಹೆಂಡತಿ ನನ್ನಿಂದ ಎತ್ತಿಸಿದ ನೀರಿನ ಹಂಡೆಯದು ಎಂದು ಓಣಿಗೆಲ್ಲ ಸಾರಿದೆ. ಅವಳು ಮೂರು ವಾರ ಎಣ್ಣೆ ತಿಕ್ಕಿದಳು. ಕೊನೆಗೆ ಹುಮನಾಬಾದಿನ ಡಾಕ್ಟರ್ ತಾಹೇರಾ ಅವರ ದವಾಖಾನೆಗೆ ಎಳೆದೊಯ್ದಳು.

ಡಾಕ್ಟರು ನನ್ನ ಕಾಲೆತ್ತಿದರು. ನಾನು ಕೂಗಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿತು. ಅಷ್ಟರಲ್ಲಿ ಅವರ ಕಣ್ಣು ನನ್ನ ಪ್ಯಾಂಟಿನ ಮೇಲೆ ಬಿತ್ತು.

"ಇದೇನ್ರಿ ಗಂಟು?"

"ಪಾಕೀಟ್ರಿ."

"ದಿನಾ ಇದರ ಮ್ಯಾಲೇ ಕೂಡ್ತೀರೇನು? ನರ ಒತ್ತಾಕತ್ತದ, ಮತ್ತೇನಿಲ್ಲ! ಅಂಥಾ ಖಜಾನಾ ಏನ್ ಇಟ್ಟೀರಿ ಒಳಗ?"

ನಾನು ಬಾಯಿ ತೆರೆಯುವಷ್ಟರಲ್ಲಿ ಶೇವಂತಾ ಪಾಕೀಟನ್ನು ಮೇಜಿನ ಮೇಲೆ ಕೊಡವಿದಳು. ಹಳೆಯ ಬಸ್ ಟಿಕೆಟುಗಳು, ಮುರಿದ ಬಾಚಣಿಗೆ, ಹೋದ ವರ್ಷದ ಪುಟಾಣಿ ಕ್ಯಾಲೆಂಡರು... ಅದರಡಿಯಲ್ಲಿ ಏಳು ಇನ್‌ಲ್ಯಾಂಡ್ ಪತ್ರ! ಕೊಡಂಬಲದಲ್ಲಿದ್ದ ತಾಯಿಗೆ ಅವಳು ಬರೆದು, ಟಪಾಲು ಡಬ್ಬಿಗೆ ಹಾಕಿರೆಂದು ನನ್ನ ಕೈಗೆ ಕೊಟ್ಟವು.

ಶೇವಂತಾ ಏಳನ್ನೂ ಒಂದೊಂದಾಗಿ ಎಣಿಸಿದಳು.

"ಯವ್ವನ ಸುದ್ದಿ ಇಲ್ಲಂತ ಆರು ತಿಂಗಳಿಂದ ಅಳಾಕತ್ತೀನಿ," ಎಂದಳು ಮೆಲ್ಲಗೆ. "ನನ್ನ ಮ್ಯಾಲ ಸಿಟ್ಟಾಗ್ಯಾಳಂತ ತಿಳಿದಿದ್ದೆ. 'ಮುದುಕಿಗೆ ಸೊಕ್ಕು' ಅಂತ ನೀವೂ ಅಂದ್ರಿ. ನಮ್ಮವ್ವಗ ಬರೆದ ಸುದ್ದಿ ಮ್ಯಾಲೇ ಕುಂತಿದ್ರಲ್ಲಾ!"

"ಮರ್ತೆ..." ಎಂದೆ. ಆ ಕ್ಷಣಕ್ಕೆ ಕಾಲುನೋವು ಎಲ್ಲಿ ಹೋಯಿತೋ! ಅದಕ್ಕಿಂತ ಮೇಲೆ, ಎದೆಯ ಹತ್ತಿರ ಎಲ್ಲೋ ಚುಚ್ಚಿತು.

ಅವಳು ಕಣ್ಣೊರೆಸಿಕೊಂಡು ಡಾಕ್ಟರತ್ತ ತಿರುಗಿದಳು. "ಇವರಿಗೇನು ಇಲಾಜ್ರಿ?"

"ಕೂಡೂದು ಕಮ್ಮಿ ಮಾಡಸ್ರಿ. ನಿಲ್ಲಸ್ರಿ, ಅಡ್ಡಾಡಸ್ರಿ."

ಮನೆಗೆ ಹೋಗುವ ಬಸ್ಸು ಬಿಟ್ಟು ಕೊಡಂಬಲದ ಬಸ್ಸು ಹತ್ತಿಸಿದಳು. ಸೀಟು ಖಾಲಿಯಿದ್ದರೂ ಕೂಡಿಸಲಿಲ್ಲ. ಡಾಕ್ಟರ ಅಪ್ಪಣೆ!

ಅತ್ತೆ ಧೂಳಮ್ಮ ಮಗಳನ್ನು ಅಪ್ಪಿಕೊಂಡು ಅತ್ತೇಬಿಟ್ಟರು; ಪಾಕೀಟಿನ ಕತೆಯನ್ನೂ ಪೂರ್ತಿ ಕೇಳಿದರು. ಅವರಿಗೆ ಓದು ಬಾರದು; ಪತ್ರ ಬಂದರೆ ಯಾರಾದರೂ ಓದಿ ಹೇಳಿ, ಉತ್ತರ ಬರೆದುಕೊಡಬೇಕು. ಏಳೂ ಪತ್ರಗಳನ್ನು ನಾನೇ ಅಂಗಳದಲ್ಲಿ ನಿಂತು ಓದಬೇಕೆಂದು ಶೇವಂತಾ ಹುಕುಂ ಮಾಡಿದಳು. ಓಣಿ ನೆರೆಯಿತು. ನೆರೆಮನೆಯ ಎಮ್ಮೆ ಈದದ್ದು, ಹೊಸ ಸೀರೆಯ ಬಣ್ಣ ಹೋದದ್ದು ಎಲ್ಲ ಓದಿದೆ. ಏಳನೆಯದರಲ್ಲಿ ನನ್ನ ಸುದ್ದಿ.

"ಯವ್ವಾ, ನನ್ನ ಚಿಂತಿ ಮಾಡಬ್ಯಾಡ. ನಮ್ಮ ಮನಿಯವರು ಭಾಳ ಜವಾಬ್ದಾರಿ ಮನಷ್ಯಾ. ಹೇಳಿದ ಕೆಲಸ ಒಂದೂ ಮರೆಯೂದಿಲ್ಲ."

ಅತ್ತೆ ಬಾಯೊಳಗಿನ ಎಲೆಅಡಿಕೆ ಪಕ್ಕಕ್ಕೆ ಸರಿಸಿದರು.

"ಅಳಿಯಂದ್ರ, ಆ ಸಾಲು ಇನ್ನೊಮ್ಮೆ ಓದ್ರಿ. ಹಿಂದಿನವರಿಗೆ ಕೇಳ್ಸಿಲ್ಲ."