ಮಗ್ಗ ನಿಂತರೆ ಕೊಲೆಗಾರ ಸಿಕ್ಕ

ನಮ್ಮ ಕಾಕಾ ಒಂದಲ್ಲ ಒಂದು ದಿನ ಕೊಲೆ ಮಾಡುವುದು ಖಂಡಿತ. ಯಾರನ್ನು ಎಂಬುದೂ ಇಡೀ ಇಳಕಲ್ಲಿಗೆ ಗೊತ್ತು: ಈಗಿನ ಪತ್ತೇದಾರಿ ಕಾದಂಬರಿ ಬರೆಯುವವರನ್ನು!

ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ಸೀರೆ ನೇಯುತ್ತಾರೆ. ನೌಕರಿಯಿಂದ ನಿವೃತ್ತರಾದ ಕಾಕಾ ಮಗ್ಗದ ಪಕ್ಕ ಕುರ್ಚಿ ಹಾಕಿಕೊಂಡು ಹಳೆಯ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಾರೆ. ಮಗ್ಗದ ಸಪ್ಪಳವನ್ನು ಮೀರಿಸಬೇಕಲ್ಲ, ಹಾಗಾಗಿ ನಮ್ಮ ಓಣಿಯಲ್ಲಿ ಯಾವ ಕೊಲೆಯೂ ಗುಟ್ಟಾಗಿ ಉಳಿದಿಲ್ಲ. ಅರ್ಧ ಪುಸ್ತಕ ದಾಟುವಷ್ಟರಲ್ಲಿ ಮಗ್ಗ ಗಕ್ಕನೆ ನಿಲ್ಲುತ್ತದೆ. ನಿಂತಿತೆಂದರೆ ಕೊಲೆಗಾರ ಸಿಕ್ಕ ಎಂದೇ ಅರ್ಥ. ಕಾಕು ಹೆಸರು ಹೇಳುತ್ತಾರೆ, ಕಾಕಾ ವಾದಕ್ಕಿಳಿಯುತ್ತಾರೆ, ಕೊನೆಯ ಪುಟದಲ್ಲಿ ಕಾಕು ಗೆಲ್ಲುತ್ತಾರೆ. ಸೋತ ಕಾಕಾನ ಮುಖದಲ್ಲಿ ಎಂಥ ಹಿಗ್ಗು ಅಂತೀರಿ!

ಒಮ್ಮೆ ಒಂದು ಪುಸ್ತಕದ ಕೊನೆಯ ಹಾಳೆಗಳೇ ಹರಿದಿದ್ದವು. ಕಾಕು ಡಾಕ್ಟರನ ಮೇಲೆ ಬೆರಳು ತೋರಿಸಿದ್ದರು. ಅದೇ ವಾರ ಬಾದಾಮಿಗೆ ಮದುವೆಗೆ ಹೋದ ಕಾಕಾನಿಗೆ ಬೀಗರ ಮನೆಯ ಕಪಾಟಿನಲ್ಲಿ ಅದೇ ಪುಸ್ತಕ ಸಿಗಬೇಕೆ? ಅಕ್ಷತೆಯ ಹೊತ್ತಿಗೆ ಮನುಷ್ಯ ನಾಪತ್ತೆ. ಮದುಮಗಳು ಹೇಗಿದ್ದಳೆಂದು ಮನೆಯಲ್ಲಿ ಕೇಳಿದರೆ, "ಡಾಕ್ಟರನ ಮಾಡ್ಯಾನ" ಎಂದರು.

ಬಾಗಲಕೋಟೆಯಲ್ಲಿರುವ ನಾನು, ಇವರಿಗೂ ಹೊಸದೇನಾದರೂ ಸಿಗಲಿ ಎಂದು ಈಗಿನ ಎರಡು ಕಾದಂಬರಿ ತಂದುಕೊಟ್ಟೆ. ಮೊದಲ ಪುಟದಲ್ಲೇ ರಕ್ತದ ಕೋಡಿ! ಪತ್ತೇದಾರನೋ, ಸುಳಿವು ಹುಡುಕುವುದು ಬಿಟ್ಟು ಕುಡಿದು ತನ್ನ ವಿಚ್ಛೇದನ ನೆನೆಸಿಕೊಂಡು ಅಳುತ್ತಾನೆ. ಎರಡರಲ್ಲೂ ಕಾಕು ಸೋತರು.

"ಇನ್ನ ನನಗ ಓದಿ ಹೇಳಬ್ಯಾಡ್ರಿ. ನನ್ನ ತಲಿ ಮೊಂಡ ಆಗೇತಿ" ಎಂದು ಕಾಕು ಮುಖ ಸಪ್ಪಗೆ ಮಾಡಿಕೊಂಡರು.

ಕಾಕಾ ನನ್ನ ಮೇಲೆ ಹರಿಹಾಯ್ದರು. "ಕಡೀ ಪುಟದಾಗ ಕೊಲಿಗಾರ ಬಸ್ ಇಳದು ಬಂದ್ರ, ಆಕಿ ಎಲ್ಲಿಂದ ಹುಡುಕಬೇಕಲೇ? ಇಷ್ಟ ದಿನ ನಂಬಿ ಕುಂತು ಕೇಳ್ಯಾಳ!"

ಅಂಗಡಿಯವನನ್ನು ಕೇಳಿಯೇ ಬಿಡುತ್ತೇನೆಂದು ಬಾಗಲಕೋಟೆಗೆ ಹೊರಟವರು, ಬಸ್ಸಿನಲ್ಲಿ ಪಕ್ಕದವನು ಆ ಕಾದಂಬರಿಯನ್ನು ಹೊಗಳಿದನೆಂದು ಹುನಗುಂದದಲ್ಲೇ ಇಳಿದುಬಿಟ್ಟರು. ಇಂಥವರ ಜೊತೆ ಬಾಳುವೆ ಮಾಡುವುದು ಹೇಗೆ, ನೀವೇ ಹೇಳಿ.

ಆಶ್ಚರ್ಯವೆಂದರೆ, ಮೊನ್ನೆ ಕಾಕಾ ತಾವಾಗಿಯೇ ಇನ್ನೊಂದು ಹೊಸ ಕಾದಂಬರಿ ತರಿಸಿಕೊಂಡರು. ಕಾಕುವನ್ನು ಪುಸಲಾಯಿಸಿ ಓದತೊಡಗಿದರು. ಕೊನೆಯ ಭಾಗ ಓದುವಾಗ ನಾನೂ ಅಲ್ಲೇ ಇದ್ದೆ. ಮಗ್ಗ ನಿಂತಿತು. ಕಾಕು ಅಂಜುತ್ತಲೇ, ಹೋಟೆಲಿನ ಮ್ಯಾನೇಜರನಿರಬೇಕು ಎಂದರು. ಕಾಕಾ ಎಂದಿನಂತೆ ವಾದಿಸಿದರು, ಮುಂದೆ ಓದಿದರು. ಕೊನೆಗೆ ಸಿಕ್ಕಿಬಿದ್ದವನು ಮ್ಯಾನೇಜರನೇ! ಕಾಕುವಿನ ಮುಖ ಅರಳಿತು. ಕಾಕಾ ಸೋತ ಹಿಗ್ಗಿನಲ್ಲಿ ಚಹಾದ ಪುಡಿ ತರಲು ಹೊರಗೆ ಹೋದರು.

ನಾನು ಪುಸ್ತಕ ತೆಗೆದು ನೋಡಿದೆ. ಮ್ಯಾನೇಜರನು ಕೊಲೆಯಾದಾಗ ಊರಲ್ಲೇ ಇರಲಿಲ್ಲ. ಕೊಲೆಗಾರ, ಕೊನೆಯ ಅಧ್ಯಾಯದಲ್ಲಿ ಮೊದಲ ಬಾರಿಗೆ ಬರುವ ಯಾರೋ ಒಬ್ಬ. ಎಂಥ ಮೋಸ! ಹೇಳಲೆಂದು ಬಾಯಿ ತೆರೆದೆ.

"ಸುಮ್ನಿರು ತಮ್ಮಾ" ಎಂದರು ಕಾಕು, ತಗ್ಗಿದ ದನಿಯಲ್ಲಿ. "ಮಗ್ಗ ನಿಂತಿತ್ತಲ್ಲ. ಅವರು ಒಂದ ಪುಟಾನೂ ತಿರುವಿದ ಸಪ್ಪಳ ಕೇಳಲಿಲ್ಲ ನನಗ."

ಹೊರಗೆ ಕಾಕಾನ ಚಪ್ಪಲಿ ಸದ್ದಾಯಿತು. ಕಾಕು ಪುಸ್ತಕವನ್ನು ನನ್ನ ಕೈಯಿಂದ ಇಸಿದುಕೊಂಡು ಕುರ್ಚಿಯ ಮೇಲೆ ಮೊದಲಿದ್ದ ಹಾಗೆಯೇ ಇಟ್ಟರು.