ಎರಡು ಡಿಸ್ಕು, ಒಂದು ಲಗ್ನಪತ್ರಿಕೆ

ಎಣಿಸಿಟ್ಟ ವಸ್ತು ಕಳೆದುಹೋಗುವುದಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. ದಿನಚರಿ ಬರೆಯಲು ಶುರುಮಾಡಿದ ಮೇಲೆ ಈ ಕಾಯಿಲೆ ಇನ್ನಷ್ಟು ಬಲಿಯಿತು. ಬೇತಮಂಗಲದ ಬಸ್ಸಿನ ಕಿಟಕಿಗಳನ್ನು ಎಣಿಸಿ ಬರೆದಿದ್ದೇನೆ; ಅವುಗಳಲ್ಲಿ ಗಾಜು ಉಳಿದಿರುವ ಕಿಟಕಿಗಳನ್ನು ಬೇರೆಯಾಗಿ ಎಣಿಸಿದ್ದೇನೆ. ಆದ್ದರಿಂದ ಆಂಡರ್ಸನ್‌ಪೇಟೆಯ ಸೆಲ್ವಣ್ಣ ಬಂಗಾರಪೇಟೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಡಿ.ಟಿ.ಪಿ. ಅಂಗಡಿ ತೆರೆದಾಗ ಅಕ್ಷರ ಜೋಡಿಸಲು ನನ್ನನ್ನೇ ಕರೆದರು. ಅದರ ಹಾರ್ಡ್ ಡಿಸ್ಕಿನಲ್ಲಿ ಎಷ್ಟು ಲಗ್ನಪತ್ರಿಕೆ, ಎಷ್ಟು ತಿಥಿ ಕಾರ್ಡು, ಎಷ್ಟು ಹಾಲಿನ ಡೈರಿಯ ನೋಟೀಸು ಇವೆ ಎಂದು ಯಾವಾಗ ಕೇಳಿದರೂ ಹೇಳಬಲ್ಲವನಾಗಿದ್ದೆ. ಯಾರೂ ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ.

ಆ ಡಿಸ್ಕಿಗೆ ವಯಸ್ಸಾಯಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಏಳುತ್ತಿರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಬೆನ್ನಿಗೆ ಮೆಲ್ಲಗೆ ತಟ್ಟಬೇಕಿತ್ತು. ಸೆಲ್ವಣ್ಣ ಬೆಂಗಳೂರಿಗೆ ಹೋಗಿ ಹೊಸ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಎದುರಿಗೆ ಕೂತಿದ್ದ ಹೆಂಗಸು, ಗಂಡೋ ಹೆಣ್ಣೋ ಎಂದು ಕೇಳಿದಳಂತೆ.

ಹಳೆಯ ಡಿಸ್ಕು ಸತ್ತರೆ ಉಳಿದ ಗಿರಾಕಿಗಳ ಕೆಲಸವನ್ನು ಮತ್ತೆ ಮಾಡಿಕೊಡಬಹುದಿತ್ತು. ಆದರೆ ಅದರಲ್ಲಿ ನಮ್ಮ ಸರೋಜಕ್ಕನ ಲಗ್ನಪತ್ರಿಕೆಯಿತ್ತು. ಕರೆಯುವವರ ಹೆಸರುಗಳಲ್ಲಿ ತಮ್ಮದೇ ಮೊದಲು ಬರಬೇಕೆಂದು ದೊಡ್ಡಪ್ಪ ನಾರಾಯಣಪ್ಪನವರಿಗೂ ಸೋದರಮಾವ ಕೃಷ್ಣಪ್ಪನವರಿಗೂ ದೊಡ್ಡ ಜಗಳವಾಗಿ, ಕೊನೆಗೆ ಒಪ್ಪಂದವಾಗಿತ್ತು: ಊರಿನವರಿಗೆ ಹಂಚುವ ಕನ್ನಡ ಪತ್ರಿಕೆಯಲ್ಲಿ ದೊಡ್ಡಪ್ಪ ಮೊದಲು, ಗಡಿಯಾಚೆಯ ನೆಂಟರಿಗೆ ಹಂಚುವ ತೆಲುಗು ಪತ್ರಿಕೆಯಲ್ಲಿ ಮಾವ ಮೊದಲು. ಡಿಸ್ಕಿನ ಸುದ್ದಿ ಹೇಗೋ ಮನೆಗೆ ಮುಟ್ಟಿತು. ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದು ಅಂಗಡಿಯ ಒಂದೇ ಬೆಂಚಿನ ಮೇಲೆ ಕೂತರು.

"ಏನ್ಲಾ ರಮೇಸ, ಮಿಸನ್ನು ನನ್ನೆಸ್ರ ನುಂಗ್ಬುಡ್ತಂತೆ?" ಎಂದರು ದೊಡ್ಡಪ್ಪ.

"ನಿನ್ನೆಸ್ರು ಒಂದೇ ಏನ್ ಬಾವ? ನಂದೂ ಅದ್ರಾಗೇ ಐತೆ" ಎಂದರು ಮಾವ.

ಹೋದರೆ ಹೋಗಲಿ, ಮತ್ತೆ ಹೊಸದಾಗಿ ಟೈಪ್ ಮಾಡುತ್ತೇನೆ ಎಂದೆ. ಹಾಗೆ ಅನ್ನಬಾರದಿತ್ತು.

"ಒಸದಾಗಿ ಮಾಡೋದಾದ್ರೆ ಮಾತೂ ಒಸದಾಗೇ ಆಗ್ಬೇಕು" ಎಂದು ದೊಡ್ಡಪ್ಪ ಶಲ್ಯ ಕೊಡವಿದರು. "ಎರಡ್ರಾಗೂ ನನ್ನೆಸ್ರೇ ಮೊದ್ಲು. ಇಲ್ದಿದ್ರೆ ನಾನು ಚಪ್ರಕ್ಕೇ ಬರಾಕಿಲ್ಲ."

"ಬರಬ್ಯಾಡ ಬುಡು ಬಾವ, ಒಂದೆಲೆ ಮಿಗ್ತದೆ."

ಸರೋಜಕ್ಕನ ಮದುವೆ ಈಗ ಒಂದು ತಗಡಿನ ಡಬ್ಬಿಯೊಳಗಿತ್ತು. ಎರಡು ಡಿಸ್ಕುಗಳನ್ನೂ ಒಂದೇ ಕೇಬಲ್ಲಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಎರಡೂ ಇಲ್ಲವೆಂದಿತು ಪರದೆ. ಸೆಲ್ವಣ್ಣ ಬಗ್ಗಿ ನೋಡಿ ತಲೆ ಚಚ್ಚಿಕೊಂಡರು. "ಅಯ್ಯೋ ತಂಬಿ, ರೆಂಡುಮೇ ಮಾಸ್ಟರ್! ಒಂದನ್ನ ಸ್ಲೇವ್ ಮಾಡ್ಬೇಕು ಪಾ!" ಹಾಗೆಂದರೇನು ಎಂದು ದೊಡ್ಡಪ್ಪ ಕೇಳಿದರು. ಒಂದೇ ಕೇಬಲ್ಲಿನಲ್ಲಿ ಇಬ್ಬರು ಯಜಮಾನರಿದ್ದರೆ ಕೆಲಸ ನಡೆಯುವುದಿಲ್ಲ, ಒಂದು ಇನ್ನೊಂದರ ಆಳಾಗಬೇಕು ಎಂದು ವಿವರಿಸಿದೆ. ದೊಡ್ಡಪ್ಪ ಬೆಂಚಿನಿಂದ ಮುಂದಕ್ಕೆ ಬಾಗಿದರು.

"ನಮ್ಮೆಸ್ರು ಯಾವುದ್ರಾಗೈತೆ?"

"ಹಳೇದ್ರಲ್ಲಿ, ದೊಡ್ಡಪ್ಪಾ."

"ಅಂಗಾದ್ರೆ ಅಳೇದೇ ಯಜಮಾನ."

"ಊಂ ಮತ್ತೆ!" ಎಂದರು ಮಾವ. ಜಗಳವಿಲ್ಲದೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹಾಗೆ ಮಾಡಿದರೂ ಕೆಲಸ ನಡೆಯುವಂತಿದ್ದುದರಿಂದ ಹೊಸ ಡಿಸ್ಕಿನ ಬೆನ್ನಿನಲ್ಲಿದ್ದ ಜಂಪರ್ ಎಂಬ ಸಾಸಿವೆಯಷ್ಟು ಬಿರಡೆಯನ್ನು ಕಿತ್ತು, ಪಕ್ಕಕ್ಕೆ ಚುಚ್ಚಿ, ಅದನ್ನೇ ಆಳು ಮಾಡಿದೆ. ಹಳೆಯದಕ್ಕೆ ಒಂದು ತಟ್ಟು ತಟ್ಟಿದೆ. ಎದ್ದಿತು!

ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಲು ಹಚ್ಚಿದೆ; ಫೈಲುಗಳ ಹೆಸರುಗಳು ಪರದೆಯ ಮೇಲೆ ಏರತೊಡಗಿದವು. ನಾನು ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಹಳೆಯ ಡಿಸ್ಕು ಇಸ್ತ್ರಿಪೆಟ್ಟಿಗೆಯಂತೆ ಕಾದು ಮುಲುಗಲು ಶುರುಮಾಡಿತು. ಮಾವ ಒಂದು ರಟ್ಟು ಹಿಡಿದು ಗಾಳಿ ಬೀಸಿದರು. ಅವರೊಬ್ಬರೇ ಬೀಸುವುದನ್ನು ದೊಡ್ಡಪ್ಪ ಸಹಿಸುವುದುಂಟೇ? ಅವರೂ ಒಂದು ರಟ್ಟು ಹಿಡಿದರು. ಕನ್ನಡ ಪತ್ರಿಕೆ ಕ್ಷೇಮವಾಗಿ ದಾಟಿತು. ತೆಲುಗು ಪತ್ರಿಕೆಯ ಸರದಿ ಬಂದಾಗ ಯಂತ್ರ ನಿಂತು, ಬಿಡಲೋ, ಮತ್ತೆ ನೋಡಲೋ ಎಂದು ಇಂಗ್ಲಿಷಿನಲ್ಲಿ ಕೇಳಿತು.

ದೊಡ್ಡಪ್ಪ ರಟ್ಟು ಕೆಳಗಿಟ್ಟರು. "ನಂದು ಬಂತಲ್ಲ, ಸಾಕು ಬುಡ್ಲಾ."

ಮಾವನ ಮುಖ ಇಳಿದುಹೋಯಿತು. ಆಗ ನನಗೆ ಎಲ್ಲಿಂದಲೋ ಬುದ್ಧಿ ಬಂತು. "ದೊಡ್ಡಪ್ಪಾ, ತೆಲುಗಿನದು ಬರದಿದ್ರೆ ಒಪ್ಪಂದ ಮುರೀತದೆ. ಕನ್ನಡದ್ದನ್ನೂ ಅಳಿಸಿ ಮೊದಲಿಂದ ಮಾತಾಡ್ಬೇಕಾಗ್ತದೆ" ಎಂದೆ. ದೊಡ್ಡಪ್ಪ ಎರಡು ಕೈಯಲ್ಲೂ ಬೀಸತೊಡಗಿದರು. ಮತ್ತೆ ನೋಡು ಎಂದು ಒತ್ತಿದೆ, ಇಲ್ಲ. ಒತ್ತಿದೆ, ಇಲ್ಲ. ಸೆಲ್ವಣ್ಣ "ಮುರುಗಾ!" ಎಂದು ಕಣ್ಣು ಮುಚ್ಚಿದರು. ಒತ್ತಿದೆ. ಡಿಸ್ಕು ಒಮ್ಮೆ ಕೆಮ್ಮಿ, ತೆಲುಗು ಪತ್ರಿಕೆಯನ್ನು ಹೊಸ ಮನೆಗೆ ಸಾಗಹಾಕಿತು!

ಉಳಿದದ್ದೆಲ್ಲ ನೀರು ಕುಡಿದಂತೆ ಮುಗಿಯಿತು. ಲೆಕ್ಕ ಹೊಂದಿಸಿದೆ: ಹಳೆಯದರಲ್ಲಿ ಇದ್ದಷ್ಟೂ ಹೊಸದರಲ್ಲಿ, ಒಂದೂ ಕಡಿಮೆಯಿಲ್ಲ. ಸೆಲ್ವಣ್ಣ ಎಲ್ಲರಿಗೂ ಬೋಂಡ ತರಿಸಿದರು. "ನಾನು ಬೀಸ್ದೆ, ಬಂತು" ಎಂದರು ಮಾವ. "ನಿನ್ ಗಾಳಿ ಗ್ವಾಡೆಗೋಯ್ತಿತ್ತು ಕಣಯ್ಯಾ" ಎಂದರು ದೊಡ್ಡಪ್ಪ. ಆದರೂ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಹೋದರು.

ಮರುದಿನ ಅಚ್ಚಿಗೆ ಕಳಿಸುವ ಮುನ್ನ ಪತ್ರಿಕೆಯನ್ನು ಇನ್ನೊಮ್ಮೆ ತೆರೆದೆ. ಇಷ್ಟು ವಯಸ್ಸಾದವರು ಒಂದು ಹೆಸರಿಗಾಗಿ ಹೀಗೆ ಹೊಡೆದಾಡುತ್ತಾರಲ್ಲ ಎಂದು ಒಳಗೊಳಗೇ ನಗುತ್ತಾ ಕೊನೆಯ ಸಾಲಿಗೆ ಬಂದೆ. ಅಲ್ಲಿ ಸಣ್ಣ ಅಕ್ಷರದಲ್ಲಿ, 'ಅಕ್ಷರ ಜೋಡಣೆ: ಸೆಲ್ವಣ್ಣ' ಎಂದಿತ್ತು. ನಗು ನಿಂತಿತು. ಜೋಡಿಸಿದವನು ಯಾರು, ಉಳಿಸಿದವನು ಯಾರು? ಸೆಲ್ವಣ್ಣ ಟೀ ಕುಡಿಯಲು ಹೋದ ಸಮಯ ನೋಡಿ ಅದೇ ಸಾಲಿನಲ್ಲಿ ನನ್ನ ಹೆಸರನ್ನೂ ಸೇರಿಸಿದೆ. ಅವರ ಹೆಸರನ್ನು ಅಳಿಸಲಿಲ್ಲ. ಎಷ್ಟೆಂದರೂ ಕೆಲಸ ಕೊಟ್ಟವರು. ಸ್ವಲ್ಪ ಬಲಕ್ಕೆ ಸರಿಸಿದೆ, ಅಷ್ಟೆ.