ನನ್ನ ಉಪವಾಸ, ಮನೆಯವರ ಫಲಾಹಾರ

ಬೊಜ್ಜು ಇದ್ದದ್ದು ಇಬ್ಬರಿಗೆ. ಉಪವಾಸ ಬಿದ್ದವಳು ನಾನೊಬ್ಬಳೇ. ಮಗು ಬೇಕೆಂದವರು ಇಬ್ಬರು. ಅದಕ್ಕಾಗಿ ರಾತ್ರಿಯ ಊಟ ಬಿಟ್ಟವಳು ನಾನೊಬ್ಬಳೇ. ಈ ಮಾತನ್ನು ಆರಂಭದಲ್ಲಿಯೇ ದಾಖಲಿಸಿಬಿಡುವುದು ಕ್ಷೇಮ. ಏಕೆಂದರೆ ಮುಂದೆ ಗೊಜ್ಜವಲಕ್ಕಿ, ರವೆ ಉಂಡೆ, ಬಾಳೆಹಣ್ಣಿನ ರಸಾಯನ ಇತ್ಯಾದಿಗಳ ಪ್ರಸ್ತಾಪ ಬರಲಿದ್ದು, ಅವುಗಳ ಪರಿಮಳದಲ್ಲಿ ಮೂಲ ಅನ್ಯಾಯವೇ ಓದುಗರಿಗೆ ಮರೆತುಹೋಗುವ ಅಪಾಯವಿದೆ. ನನಗೇ ಎಷ್ಟೋ ಸಲ ಮರೆತುಹೋಗಿದೆ.

ಅನ್ಯಾಯವನ್ನು ಕಂಡಲ್ಲಿ ಸುಮ್ಮನೆ ದಾಟಿಹೋಗುವ ಅಭ್ಯಾಸ ನನಗಿಲ್ಲ. ಹಳೇಕೋಟೆಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಶಿಕ್ಷಕಿಯರ ಶೌಚಾಲಯದ ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಮೇಲಿರುವುದು ಮಹಿಳೆಯರ ಘನತೆಗೆ ಕುಂದೆಂದು ವಾದಿಸಿ, ಸಹಿ ಸಂಗ್ರಹಿಸಿ, ಬೀಗದ ಕೈಯನ್ನು ಗೆದ್ದವಳು. ಆಮೇಲೆ ಅದನ್ನು ಕಳೆದವಳೂ ನಾನೇ, ಆ ಮಾತು ಬೇರೆ. ಗಂಡನನ್ನು ಹೆಸರು ಹಿಡಿದು ಕರೆಯುವ ಹಕ್ಕನ್ನಂತೂ ಮದುವೆಯಾದ ವಾರದಲ್ಲೇ ಸ್ಥಾಪಿಸಿಕೊಂಡೆ. ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿರುವ ಶ್ರೀಧರನಿಗೆ ಅದರಿಂದ ಏನೂ ಅನ್ನಿಸಲಿಲ್ಲ. ನಮ್ಮ ಅತ್ತೆ ಮಾತ್ರ ಬಹಳ ಕಾಲ, ನಾನು 'ಶ್ರೀಧರ' ಎಂದಾಗಲೆಲ್ಲ, ಬೇರೆ ಯಾರೋ ಬಂದರೇನೋ ಎಂಬಂತೆ ಬಾಗಿಲ ಕಡೆ ನೋಡುತ್ತಿದ್ದರು.

ಮದುವೆಯಾಗಿ ಐದು ವರ್ಷವಾದರೂ ಮಗುವಾಗದ ಕಾರಣ ನಾವಿಬ್ಬರೂ ಹಾಸನದ ವೈದ್ಯರೊಬ್ಬರನ್ನು ಕಾಣಲು ಹೋದೆವು. ಹಿರಿಯರು, ಮೃದುಭಾಷಿ. ನನ್ನ ರಿಪೋರ್ಟುಗಳನ್ನೆಲ್ಲ ತಿರುವಿ, "ಸ್ವಲ್ಪ ತೂಕ ಇಳಿಸ್ಬೇಕಮ್ಮ, ಅನುಕೂಲ ಆಗುತ್ತೆ. ಮೂರು ತಿಂಗಳು ಬಿಟ್ಟು ಬನ್ನಿ" ಎಂದರು. ಆ ಕ್ಷಣದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಶ್ರೀಧರನ ಹೊಟ್ಟೆಯು ಮೇಜಿನ ಅಂಚಿಗೆ ಒರಗಿ ವಿಶ್ರಾಂತಿ ಪಡೆಯುತ್ತಿತ್ತು. ವೈದ್ಯರ ಕಣ್ಣಿಗೆ ಅದು ಬೀಳದಿರಲು ಸಾಧ್ಯವೇ ಇರಲಿಲ್ಲ. ಬಹುಶಃ ಅವರು ಅದನ್ನು ಕೊಠಡಿಯ ಪೀಠೋಪಕರಣವೆಂದು ಭಾವಿಸಿದರು.

ಹೊಳೆನರಸೀಪುರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ನಾನು ಮೊಬೈಲಿನಲ್ಲಿ ಗಂಟೆಯ ಲೆಕ್ಕದ ಉಪವಾಸವನ್ನು ಕುರಿತು ಅಧ್ಯಯನ ಮಾಡಿದೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಏಳರವರೆಗೆ ಊಟ. ಉಳಿದ ಹೊತ್ತು ನೀರು. "ಒಳ್ಳೇ ಐಡಿಯಾ ಸುಮಾ, ನಾನು ಫುಲ್ ಸಪೋರ್ಟ್ ಮಾಡ್ತೀನಿ" ಎಂದ ಶ್ರೀಧರ. ಹಾಗೆನ್ನುವಾಗ ಅವನ ಬಾಯಲ್ಲಿ ಹುರಿದ ಕಡಲೆಕಾಯಿ ಇತ್ತು. ಆ ಬೆಂಬಲ ಯಾವ ಸ್ವರೂಪದ್ದೆಂಬುದು ನನಗೆ ಅಲ್ಲಿಯೇ ಹೊಳೆಯಬೇಕಿತ್ತು.

ನಮ್ಮ ಅತ್ತೆ ಅರಕಲಗೂಡು ತಾಲ್ಲೂಕಿನ, ಸಂಗೀತಗಾರರ ಊರೆಂದೇ ಹೆಸರಾದ ರುದ್ರಪಟ್ಟಣದವರು. ಹುಟ್ಟಿದಾಗಿನಿಂದ ಶ್ರುತಿಪೆಟ್ಟಿಗೆ ಕೇಳಿ ಬೆಳೆದವರಾದ್ದರಿಂದ ಅವರ ಅಡುಗೆಗೂ ಒಂದು ಕಚೇರಿಯ ಕ್ರಮವಿದೆ. ಸಾಸಿವೆ ಸಿಡಿಯುವವರೆಗೆ ಆಲಾಪನೆ, ಇಂಗು ಬಿದ್ದ ಮೇಲೆ ಕೃತಿ. ಅಂದು ನಾನು ಅಡುಗೆಮನೆಗೆ ಹೋದಾಗ ಆಲಾಪನೆ ನಡೆಯುತ್ತಿತ್ತು.

"ಅತ್ತೆ, ನಾಳೆಯಿಂದ ನಾನು ರಾತ್ರಿ ಉಪವಾಸ."

ಸೌಟು ನಿಂತಿತು. "ಯಾವ ದೇವರಿಗೇ?"

"ದೇವರಿಗಲ್ಲ ಅತ್ತೆ. ತೂಕ ಇಳಿಸೋಕೆ. ಡಾಕ್ಟರು ಹೇಳಿದಾರೆ."

"ಹೆಸರು ಹೇಳ್ಬಾರ್ದು ಅಂತಿದ್ರೆ ಬೇಡ ಬಿಡೇ, ಮನಸ್ಸಲ್ಲೇ ಇಟ್ಕೋ. ಅಂತೂ ಬುದ್ಧಿ ಬಂತಲ್ಲ ನಿನಗೆ, ಅಷ್ಟು ಸಾಕು" ಎಂದು ಕಣ್ಣೊರೆಸಿಕೊಂಡರು. ಒಗ್ಗರಣೆಯ ಘಾಟಿಗೆಂದು ನಾನು ತಿಳಿದೆ.

ಉಪವಾಸವೆಂಬುದಕ್ಕೆ ನಮ್ಮ ದೇವಸ್ಥಾನದ ಬೀದಿಯಲ್ಲಿ ಒಂದು ಸ್ಥಿರವಾದ ಅರ್ಥವಿದೆಯೆಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಉಪವಾಸವೆಂದರೆ ಅನ್ನ ತಿನ್ನುವಂತಿಲ್ಲ, ಅಷ್ಟೇ. ಅನ್ನವನ್ನು ಬಿಟ್ಟ ಕೂಡಲೇ ಜಗತ್ತಿನ ಉಳಿದೆಲ್ಲ ತಿಂಡಿಗಳೂ ಫಲಾಹಾರವೆಂಬ ಹೆಸರಿನಲ್ಲಿ ಧಾವಿಸಿ ಬರುತ್ತವೆ. ಮೊದಲ ರಾತ್ರಿ ಏಳೂವರೆಗೆ ನನ್ನ ಮುಂದೆ ಒಂದು ತಟ್ಟೆ ಬಂದು ಕುಳಿತಿತು. ಗೊಜ್ಜವಲಕ್ಕಿಯ ಮೇಲೆ ಕೊಬ್ಬರಿ ಉದುರಿಸಿತ್ತು. ಪಕ್ಕದಲ್ಲಿ ರಸಾಯನ, ಬಾದಾಮಿ ಹಾಲು. ಅವಲಕ್ಕಿಯೂ ಅಕ್ಕಿಯೇ ಅಲ್ಲವೇ ಎಂದು ನಾನು ತಾತ್ವಿಕವಾಗಿ ಪ್ರಶ್ನಿಸಿದೆ.

"ಬೇಯ್ಸಿಲ್ವಲ್ಲೇ, ನೆನೆಸಿರೋದು ತಾನೇ? ತಿನ್ನು, ತಿನ್ನು."

ನಾನು ನಿರಾಕರಿಸಿದೆ. ಮರುದಿನವೂ ನಿರಾಕರಿಸಿದೆ. ಆದರೆ ಸುದ್ದಿಯು ಬೀದಿಯಲ್ಲಿ ಹಬ್ಬಿತು. ಯಾವ ಪೂಜೆಗೂ ಬಾರದ ಸೊಸೆ ಸಂತಾನಕ್ಕಾಗಿ ವ್ರತ ಹಿಡಿದಿದ್ದಾಳೆ, ಅದೂ ದಿನಾ! ವ್ರತಸ್ಥರಿಗೆ ಫಲಾಹಾರ ಕೊಟ್ಟರೆ ಕೊಟ್ಟವರಿಗೂ ಪುಣ್ಯದಲ್ಲಿ ಪಾಲಿದೆಯಂತೆ. ಹೀಗಾಗಿ ಸಂಜೆಯ ಮಂಗಳಾರತಿ ಮುಗಿಸಿಕೊಂಡು ಎದುರುಮನೆಯ ಕಮಲಮ್ಮನವರು ಪ್ರತಿದಿನ ಒಂದು ಸ್ಟೀಲ್ ಡಬ್ಬಿಯೊಂದಿಗೆ ಆಗಮಿಸತೊಡಗಿದರು. ನಾನು ಊಟದ ಗಂಟೆಗಳು, ಉಪವಾಸದ ಗಂಟೆಗಳು, ಇನ್ಸುಲಿನ್ ಎಂದು ವಿವರಿಸಿದರೆ, "ಪಾಪ, ಹಸಿವಿಗೆ ಏನೇನೋ ಮಾತಾಡ್ತಾಳೆ" ಎಂದು ನನ್ನ ತಲೆ ಸವರಿ ಇನ್ನೊಂದು ರವೆ ಉಂಡೆ ಇಟ್ಟರು.

ಇಲ್ಲಿ ಶ್ರೀಧರನ ಬೆಂಬಲವು ಕಾರ್ಯರೂಪಕ್ಕೆ ಬಂತು. "ವಾಪಸ್ ಕಳಿಸಿದ್ರೆ ಬೇಜಾರ್ ಮಾಡ್ಕೋತಾರೆ ಸುಮಾ" ಎನ್ನುತ್ತ, ಅನ್ನ, ಸಾರು, ಪಲ್ಯ, ಮಜ್ಜಿಗೆಗಳ ನಂತರ ನನ್ನ ಉಪವಾಸದ ಫಲಾಹಾರವನ್ನೂ ಅವನೇ ಮುಗಿಸತೊಡಗಿದ. ಕೆಲವು ರಾತ್ರಿ ಅರ್ಧ ಡಬ್ಬಿ ಮಾತ್ರ ಅವನ ಪಾಲಿಗೆ ಬಂದದ್ದೂ ಉಂಟು. ಉಳಿದರ್ಧ ಎಲ್ಲಿ ಹೋಯಿತೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಸೇರಿದ್ದಲ್ಲ.

ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುವ ವಿಜ್ಞಾನದ ಜಯಮ್ಮ ದಂಡಿಗನಹಳ್ಳಿಯವರು. ಒಂದು ಬೆಳಿಗ್ಗೆ ನಾನು ತಲೆ ಸುತ್ತಿ ಬೆಂಚು ಹಿಡಿದುಕೊಂಡದ್ದನ್ನು ಕಂಡು ತರಾಟೆಗೆ ತೆಗೆದುಕೊಂಡರು.

"ಅಂಗೆ ಹೊಟ್ಟೆ ಕಟ್ಕಂಡ್ ಕುಂತ್ರೆ ಮಗಾ ಆಯ್ತದೇನಮ್ಮಿ? ನಿಮ್ಮ ಯಜಮಾನ್ರು ಏನ್ ಬುಟ್ಟವ್ರೆ?"

"ಏನೂ ಬಿಟ್ಟಿಲ್ಲ."

"ಪರೀಕ್ಷೆ ಮಾಡ್ಸವ್ರಾ?"

"ಡಾಕ್ಟರು ಹೇಳಲಿಲ್ಲ."

"ಓಗ್ಲಿ, ನಾಳೆ ಮಗಿಗೆ ಇನಿಸಿಯಲ್ಲು ಯಾರ್ದು?"

"ಶ್ರೀಧರನದೇ ಇರಬಹುದು" ಎಂದೆ, ಸ್ವಲ್ಪ ತಗ್ಗಿದ ದನಿಯಲ್ಲಿ.

"ಇನಿಸಿಯಲ್ ಕೊಡೋರು ಮದ್ಲು ಒಂದ್ ತೊಟ್ಟು ರಕ್ತ ಕೊಡ್ಲಿ ಬುಡು!"

ಇಷ್ಟು ವರ್ಷ ಸಮಾನತೆಯ ಪಾಠ ಮಾಡಿದವಳಿಗೆ ಈ ಸರಳ ವಾಕ್ಯ ಹೊಳೆದಿರಲಿಲ್ಲ.

ಮೂರು ತಿಂಗಳು ಕಳೆದು ಮತ್ತೆ ಹಾಸನಕ್ಕೆ ಹೋದಾಗ ಹಿರಿಯ ವೈದ್ಯರು ರಜೆಯಲ್ಲಿದ್ದರು. ನರ್ಸಮ್ಮ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಏನೂ ಇಳ್ದಿಲ್ವಲ್ಲ ಮೇಡಂ" ಎಂದಳು. ಶ್ರೀಧರನಿಗೆ ನನ್ನ ಪರವಾಗಿ ಕೋಪ ಬಂತು. "ನಿಮ್ಮ ಮಿಷನ್ನೇ ಸರಿಯಿಲ್ಲ. ನೋಡಿ, ನನ್ನ ತೂಕ ನನಗೆ ಗೊತ್ತು" ಎಂದು ತಾನೇ ಹತ್ತಿ ನಿಂತ. ಮುಳ್ಳು ಅವನು ಹೇಳಿದ ಅಂಕಿಯ ಬಳಿ ಕ್ಷಣಕಾಲವೂ ತಂಗದೆ ಮುಂದೆ ಓಡಿತು. ನರ್ಸಮ್ಮ ಅವನನ್ನೂ ನನ್ನನ್ನೂ ನೋಡಿದಳು.

"ಮಿಷನ್ನು ಸರ್ಯಾಗೈತೆ ಸಾ. ಉಪ್ವಾಸ ಮೇಡಮ್ಮೋರು ಮಾಡವ್ರೆ, ಫಲ ನಿಮ್ಗೆ ಸಿಕ್ಕೈತೆ."

ಒಳಗಿದ್ದ ಯುವ ವೈದ್ಯೆ ನನ್ನ ಸಾಹಸವನ್ನು ಕೇಳಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಮಗುಗೆ ಪ್ರಯತ್ನ ಮಾಡ್ತಾ ಇರೋರು ತಲೆ ಸುತ್ತೋ ಹಾಗೆ ಹಸ್ಕೊಂಡಿರೋದಾ? ಹೊತ್ತಿಗೆ ಸರಿಯಾಗಿ ಕಾಳು, ಸೊಪ್ಪು, ಮುದ್ದೆ ತಿನ್ನಿ. ಇಬ್ರೂ ದಿನಾ ನಡೀರಿ, ನಿಧಾನಕ್ಕೆ ಇಳಿಯುತ್ತೆ." ಆಮೇಲೆ ಶ್ರೀಧರನ ಕಡೆ ತಿರುಗಿ, "ನಿಮ್ಮ ರಿಪೋರ್ಟ್ ಎಲ್ಲಿ?" ಎಂದರು. ಅವನು, ಬೇರೆ ಯಾರೋ ಬಂದರೇನೋ ಎಂಬಂತೆ, ಬಾಗಿಲ ಕಡೆ ನೋಡಿದ.

ಅವನ ಪರೀಕ್ಷೆಗಳನ್ನು ಬರೆದುಕೊಟ್ಟ ಆ ಚೀಟಿ ಅಂದಿನಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಇದೆ. ಮೊದಲು ಅವನ ಕಾಲೇಜಿನ ಆಂತರಿಕ ಪರೀಕ್ಷೆ ಅಡ್ಡಬಂತು, ಆಮೇಲೆ ಮೌಲ್ಯಮಾಪನ, ಆಮೇಲೆ ಸಣ್ಣ ನೆಗಡಿ. ನಾನಾದರೋ ನನ್ನ ಸಿಟ್ಟನ್ನೆಲ್ಲ ತೆಗೆದುಕೊಂಡು ಹೋಗಿ ಕರಿಬೇವು ಬಿಡಿಸುತ್ತಿದ್ದ ಅತ್ತೆಯ ಮುಂದೆ ಸುರಿದೆ. ಈ ಫಲಾಹಾರದ ವ್ಯವಸ್ಥೆಯೇ ಹೆಣ್ಣಿನ ಮೇಲಿನ ದೌರ್ಜನ್ಯ ಎಂದೆ.

ಅತ್ತೆ ತಲೆಯೆತ್ತಲಿಲ್ಲ. "ಶ್ರೀಧರ ಹುಟ್ಟೋಕೆ ಮುಂಚೆ ನಾನೂ ಒಪ್ಪತ್ತು ಇದ್ದೆ ಕಣೇ, ಎಷ್ಟೋ ವರ್ಷ. ಒಂದು ಬಾಳೆಹಣ್ಣು ತಿನ್ನು ಅಂತ ಯಾರೂ ಅನ್ಲಿಲ್ಲ. ಎಲ್ಲರಿಗೂ ಬಡಿಸಿ, ಎಲೆ ಎತ್ತಿ, ನೀರು ಕುಡಿದು ಮಲಗ್ತಿದ್ದೆ."

"ಮಾವ?"

"ಅವರಾ? ಉಣ್ತಿದ್ರು." ಇನ್ನೊಂದು ಎಸಳು ಬಿಡಿಸಿದರು. "ಈ ಮನೇಲಿ ಇನ್ನೊಂದು ಹೆಣ್ಣು ಹಾಗೆ ಹಸ್ಕೊಂಡು ಮಲಗೋದು ಬೇಡ ಅಂದ್ಕೊಂಡೆ, ಅಷ್ಟೇ."

ನಾನೂ ಪಕ್ಕದಲ್ಲಿ ಕುಳಿತು ಕರಿಬೇವು ಬಿಡಿಸತೊಡಗಿದೆ. ಅತ್ತೆಯೇ ಕೇಳಿದರು: "ಗಂಡಸರಿಗೂ ಪರೀಕ್ಷೆ ಇರುತ್ತೇನೇ? ಆಗಲೂ ಇತ್ತಾ?"

"ಇದ್ದಿರಬೇಕು ಅತ್ತೆ. ಯಾರೂ ಕೇಳಿರಲ್ಲ."

ಅಂದಿನ ಒಗ್ಗರಣೆಗೆ ಆಲಾಪನೆ ಇರಲಿಲ್ಲ. ರಾತ್ರಿ ಶ್ರೀಧರ ಎಂದಿನಂತೆ ಊಟ ಮುಗಿಸಿ, ಇನ್ನೂ ಬರುತ್ತಲೇ ಇದ್ದ ಕಮಲಮ್ಮನವರ ಡಬ್ಬಿಗೆ ಕೈಚಾಚಿದಾಗ ಅತ್ತೆ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. "ಚೀಟಿ ಫ್ರಿಜ್ಜಿನ ಮೇಲಿರೋವರ್ಗೂ ನಿನಗೆ ಇದಿಲ್ಲ ಕಣೋ."

ಅತ್ತೆಯ ಮೇಲೆ ಹೊರಿಸಿದ್ದ ಎಲ್ಲ ಆರೋಪಗಳನ್ನೂ ನಾನು ಇಲ್ಲಿ ಬೇಷರತ್ತಾಗಿ ಹಿಂಪಡೆಯುತ್ತೇನೆ. ದಂಪತಿಗಳು ಬಂದಾಗ ಒಬ್ಬರನ್ನೇ ತೂಕಕ್ಕೆ ನಿಲ್ಲಿಸುವ ವೈದ್ಯರೆಲ್ಲರೂ ಎರಡನೆಯ ಕುರ್ಚಿಯ ಕಡೆಗೂ ಒಮ್ಮೆ ನೋಡಬೇಕೆಂದು ಆಗ್ರಹಿಸುತ್ತೇನೆ. ಇನ್ನು ಶ್ರೀಧರ, ಓದುಗರೆಲ್ಲರ ಸಾಕ್ಷಿಯಾಗಿ ನಿನ್ನ ಮುಂದೆ ಈ ಬೇಡಿಕೆ: ಬರುವ ಸೋಮವಾರ ಹಾಸನದ ಮೊದಲ ಬಸ್ಸಿಗೆ ನೀನು ನನ್ನೊಂದಿಗೆ ಹತ್ತತಕ್ಕದ್ದು. ಚೀಟಿಯಲ್ಲಿರುವ ಒಂದು ಪರೀಕ್ಷೆಯನ್ನೂ ಬಿಡತಕ್ಕದ್ದಲ್ಲ. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಅದರಲ್ಲೇ ಬರೆದಿರುವುದರಿಂದ, ಭಾನುವಾರ ರಾತ್ರಿ ಊಟದ ನಂತರ ಏನನ್ನೂ ಮುಟ್ಟತಕ್ಕದ್ದಲ್ಲ. ಕಮಲಮ್ಮನವರ ಡಬ್ಬಿ ಬಂದರೆ ನೀನು ಚಿಂತಿಸಬೇಡ. ವಾಪಸ್ ಕಳಿಸಿದರೆ ಅವರಿಗೆ ಬೇಜಾರಾಗುತ್ತದೆ. ಅದರ ಸಂಪೂರ್ಣ ಹೊಣೆಯನ್ನು ನಾನೇ ಹೊರುತ್ತೇನೆ.